ಉರಿಯಿಂದ ನೇರವಾಗಿ ವಿದ್ಯುಚ್ಛಕ್ತಿ

ನಮ್ಮ ಕಲ್ಲಿದ್ದಲಿನ ವಿದ್ಯುದಾಗಾರಗಳಲ್ಲಿ ಶಾಖದ ಅರ್ಧಕ್ಕಿಂತ ಹೆಚ್ಚು ಪಾಲು ವ್ಯರ್ಥವಾಗುತ್ತಿದೆ. ಕಾದ ಲೋಹದಿಂದ ಹೊರಚಿಮ್ಮುವ ಎಲೆಕ್ಟ್ರಾನುಗಳನ್ನು ಹಿಡಿದು, ಉರಿಯು ನೀರನ್ನು ಆವಿಯಾಗಿಸುವ ಮುನ್ನವೇ ಅದರಿಂದ ಒಂದಿಷ್ಟು ವಿದ್ಯುತ್ತನ್ನು ನೇರವಾಗಿ ಪಡೆಯಬಹುದೆಂಬುದು ಹೊಸ ಮಾತಲ್ಲ. 1987ರಲ್ಲಿ ರಷ್ಯದವರು ಇಂತಹ ಯಂತ್ರವನ್ನು ಅಂತರಿಕ್ಷಕ್ಕೇ ಕಳುಹಿಸಿದರು. ಆದರೆ ಅದರ ಶಾಖವು ಪರಮಾಣುವಿನದು. ಅಲ್ಲಿ ಗಾಳಿಯ ಕಾಟವೂ ಇಲ್ಲ. ಕುಲುಮೆಯ ಉರಿಯಲ್ಲಾದರೋ ಟಂಗ್‌ಸ್ಟನ್ ಲೋಹವು ಗಾಳಿ ಸೋಕಿದೊಡನೆ ತುಕ್ಕಾಗಿ, ಆ ತುಕ್ಕೂ ಆವಿಯಾಗಿ ಹೋಗುತ್ತದೆ. ಆದುದರಿಂದಲೇ ಅದಕ್ಕೆ ಸಿಲಿಕಾನ್ ಕಾರ್ಬೈಡಿನ ಕವಚವನ್ನು ತೊಡಿಸುವುದು. ಉರಿಯಲ್ಲಿ ಆ ಕವಚದ ಮೇಲೆ ತಾನಾಗಿಯೇ ಸಿಲಿಕದ ತೆಳುಪೊರೆ ಕಟ್ಟಿ ಒಳಗಿನ ಲೋಹವನ್ನು ಕಾಯುತ್ತದೆ. ಕಾದು ತಣಿಯುವಾಗ ಒಂದು ಬಿರುಕು ಬಿಟ್ಟಿತೋ, ಕೆಲಸ ಕೆಟ್ಟಿತು! ತೊಡಕೆಲ್ಲ ಈ ಕವಚದಲ್ಲಿಯೇ ಇದೆ. ಕಲ್ಲಿದ್ದಲನ್ನೇ ನಂಬಿರುವ ದೇಶವು ಇದನ್ನು ಪರರಿಂದ ಕೊಳ್ಳುವ ದಿನಕ್ಕಾಗಿ ಕಾದು ಕುಳಿತಿರುವುದು ನಮಗೆ ಸರಿದೋರದು. ಸರ್ಕಾರದವರು ನಮ್ಮ ಲೋಹಶೋಧನಾಲಯಗಳಿಗೆ ಹತ್ತು ವರ್ಷಗಳ ನಿಶ್ಚಿತ ಧನಸಹಾಯವನ್ನು ಮುಂದಿನ ಆಯವ್ಯಯದಲ್ಲಿಯೇ ಗೊತ್ತುಪಡಿಸಬೇಕೆಂದು ಒತ್ತಾಯಪಡಿಸುತ್ತೇವೆ.