ಗೀಚುವುದೂ ಒಂದು ಸುಖ

ಸಭೆಗಳಲ್ಲಿ ಕುಳಿತಾಗ ನಾನು ಗೀಚುತ್ತೇನೆ. ಈ ಮಾತನ್ನು ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಬೇಕೋ ಹೆಮ್ಮೆಯಿಂದ ಹೇಳಬೇಕೋ ಇಷ್ಟು ವರ್ಷಗಳಾದರೂ ನನಗೆ ಬಗೆಹರಿದಿಲ್ಲ. ಅಧ್ಯಕ್ಷರು ಎದ್ದು ನಿಂತು ಗಂಟಲು ಸರಿಮಾಡಿಕೊಳ್ಳುವಷ್ಟರಲ್ಲಿ ಆಹ್ವಾನಪತ್ರಿಕೆಯ ಹಿಂಬದಿಯಲ್ಲಿ ನನ್ನ ಲೇಖನಿ ಒಂದು ಚೌಕವನ್ನು ಎಳೆದು ಮುಗಿಸಿರುತ್ತದೆ. ಚೌಕಕ್ಕೆ ಮೆಟ್ಟಿಲು ಬರುತ್ತದೆ. ಮೆಟ್ಟಿಲಿನ ಬದಿಗೆ ಬಳ್ಳಿ. ಬಳ್ಳಿಯ ತುದಿಗೆ ಸುಳಿ. ಸುಳಿಯೊಳಗೆ ಮತ್ತೊಂದು ಸುಳಿ. ವಂದನಾರ್ಪಣೆಯ ವೇಳೆಗೆ ಅಲ್ಲೊಂದು ಊರೇ ಎದ್ದಿರುತ್ತದೆ. ಆ ಊರಿನಲ್ಲಿ ಮನುಷ್ಯರು ಮಾತ್ರ ಇರುವುದಿಲ್ಲ. ಮನುಷ್ಯರನ್ನು ಬರೆಯಲು ನನಗೆ ಬರುವುದಿಲ್ಲ.

ಚಿತ್ರಕಲೆ ನನಗೆ ಒಲಿದ ವಿದ್ಯೆಯಲ್ಲ. ಗೀಚುವುದಕ್ಕೆ ಅದು ಬೇಕಾಗಿಯೂ ಇಲ್ಲ. ಚಿತ್ರಕಾರನ ಮನಸ್ಸಿನಲ್ಲಿ ಮೂಡಬೇಕಾದ ಒಂದು ರೂಪವಿರುತ್ತದೆ, ಅದು ಮೂಡದೆ ಹೋದರೆ ದುಃಖವೂ ಇರುತ್ತದೆ. ಗೀಚುವವನಿಗೆ ಎರಡೂ ಇಲ್ಲ. ಗೆರೆ ಡೊಂಕಾಯಿತೆ, ಆ ಡೊಂಕೇ ಅವನ ಮುಂದಿನ ದಾರಿ. ರಬ್ಬರಿಗೆ ಇಲ್ಲಿ ಉದ್ಯೋಗವಿಲ್ಲ. ಕೈ ಮುಂದೆ ನಡೆಯುತ್ತದೆ, ಮನಸ್ಸು ಮಗುವಿನಂತೆ ಅದರ ಹಿಂದೆ ಹೋಗುತ್ತದೆ. ದಿನವೆಲ್ಲ ಮನಸ್ಸಿನ ಅಪ್ಪಣೆಯಂತೆ ದುಡಿಯುವ ಕೈಗೆ ಇದಕ್ಕಿಂತ ದೊಡ್ಡ ರಜೆ ಯಾವುದಿದ್ದೀತು? ಆದರೂ ನಮ್ಮ ಭಾಷೆ ಈ ಕೆಲಸವನ್ನು ಗೌರವದಿಂದ ಕಂಡಿಲ್ಲ. ‘ಗೀಚು’ ಎಂಬುದು ಬೈಗುಳದ ನೆರೆಮನೆಯಲ್ಲಿ ವಾಸಿಸುವ ಶಬ್ದ. ಅಕ್ಷರ ಕೆಟ್ಟರೆ ಕಾಗೆಕಾಲು, ಗುಬ್ಬಿಕಾಲು; ಅಕ್ಷರವೇ ಅಲ್ಲದಿದ್ದರೆ ಗೀಚಾಟ.

ಆ ಬೈಗುಳವನ್ನು ಬಾಯಿತುಂಬ ಬಳಸಿದವರಲ್ಲಿ ನಾನೂ ಒಬ್ಬ. ಮೂವತ್ತು ವರ್ಷ ಮೇಷ್ಟರಾಗಿದ್ದವನು ನಾನು. ಒಮ್ಮೆ ಒಂಬತ್ತನೆಯ ತರಗತಿಯಲ್ಲಿ ವಿಜಯನಗರದ ಪತನವನ್ನು ಹೇಳುತ್ತಿದ್ದೆ. ಮೂರನೆಯ ಬೆಂಚಿನ ಹುಡುಗನೊಬ್ಬ ತಲೆ ತಗ್ಗಿಸಿದವನು ಎತ್ತಲೇ ಇಲ್ಲ. ಹತ್ತಿರ ಹೋಗಿ ನೋಡಿದರೆ ನೋಟುಪುಸ್ತಕದ ಕೊನೆಯ ಹಾಳೆಯಲ್ಲಿ ಆನೆಯಂತೆ ಆರಂಭವಾಗಿ ಮರದಂತೆ ಮುಗಿದಿದ್ದ ಏನೋ ಒಂದು!

“ಏನೋ ಇದು?”

“ಏನೂ ಅಲ್ಲ, ಸಾರ್.”

ಉದ್ಧಟತನವೆಂದುಕೊಂಡೆ. ಯುದ್ಧ ಯಾವ ವರ್ಷ ನಡೆಯಿತು ಹೇಳು ಎಂದೆ. 1565 ಎಂದ. ಅಳಿಯ ರಾಮರಾಯನ ಗತಿ ಏನಾಯಿತೆಂಬುದನ್ನೂ ಹೇಳಿದ. ಪಾಠ ಕೇಳಿದ್ದಾನೆಂದು ಸಂತೋಷಪಡಬೇಕಾಗಿದ್ದ ನಾನು, ಕೇಳಿಯೂ ಗೀಚಿದನಲ್ಲ ಎಂದು ಇನ್ನಷ್ಟು ಸಿಟ್ಟಾದೆ, ಹಾಳೆಯನ್ನು ಹರಿದೆ. ಹರಿದದ್ದನ್ನು ಅಲ್ಲೇ ಎಸೆಯದೆ ಕಿಸೆಗೆ ಹಾಕಿಕೊಂಡೆ. ಅಂದಿನಿಂದ ಆ ಹುಡುಗ ನನ್ನ ತರಗತಿಯಲ್ಲಿ ತಲೆ ಎತ್ತಿಯೇ ಕುಳಿತ. ಆದರೆ ಅವನ ಕಣ್ಣು ಕಿಟಕಿಯಾಚೆಗಿತ್ತು. ಅದನ್ನು ನಾನು ಶಿಸ್ತು ಎಂದು ಭಾವಿಸಿದೆ.

ನನಗೆ ಬುದ್ಧಿ ಬಂದದ್ದು ಬಹಳ ತಡವಾಗಿ. 2009ರಲ್ಲಿ ಇಂಗ್ಲೆಂಡಿನ ಪ್ಲಿಮತ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರಜ್ಞೆ ಜ್ಯಾಕಿ ಆಂಡ್ರೇಡ್ ಒಂದು ಪ್ರಯೋಗವನ್ನು ಪ್ರಕಟಿಸಿದರು. ನಲವತ್ತು ಮಂದಿಗೆ ತೀರ ನೀರಸವಾದ ಒಂದು ದೂರವಾಣಿ ಸಂದೇಶವನ್ನು ಕೇಳಿಸಿ, ಅವರಲ್ಲಿ ಅರ್ಧ ಮಂದಿಗೆ ಕೇಳುತ್ತಲೇ ಕಾಗದದ ಮೇಲಿನ ಆಕೃತಿಗಳನ್ನು ತುಂಬುವಂತೆ ಹೇಳಿದರು. ಆಮೇಲೆ ಇದ್ದಕ್ಕಿದ್ದಂತೆ ಪರೀಕ್ಷಿಸಿದಾಗ, ಕೈಯಾಡಿಸಿದವರು ಉಳಿದವರಿಗಿಂತ ಶೇಕಡ 29ರಷ್ಟು ಹೆಚ್ಚು ವಿಷಯವನ್ನು ನೆನಪಿಟ್ಟಿದ್ದರು. ಬೇಸರಗೊಂಡ ಮನಸ್ಸು ಹಗಲುಗನಸಿಗೆ ಜಾರಿಹೋಗದಂತೆ ಗೀಚುವ ಕೈ ಅದನ್ನು ಹಿಡಿದು ನಿಲ್ಲಿಸುತ್ತದೆ ಎಂಬುದು ಅವರು ಸೂಚಿಸಿದ ಕಾರಣ. ಕೊಟ್ಟ ಆಕೃತಿಯನ್ನು ತುಂಬುವುದು ಗೀಚುವುದಾದೀತೆ ಎಂಬ ತಕರಾರು ನನಗುಂಟು. ನಲವತ್ತು ಮಂದಿಯಿಂದ ಲೋಕವನ್ನೇ ಅಳೆಯಲಾಗದೆಂಬುದೂ ನಿಜ. ಆದರೂ ಮೂರನೆಯ ಬೆಂಚಿನ ಹುಡುಗ ತೋರಿಸಿದ್ದೂ ಅದನ್ನೇ ಅಲ್ಲವೆ?

ಭಾಷಣದ ಬೇಸರದಿಂದ ಗಣಿತಕ್ಕೇ ಲಾಭವಾದದ್ದುಂಟು. 1963ರಲ್ಲಿ ಸ್ಟಾನಿಸ್ಲಾ ಉಲಾಮ್ ಎಂಬ ಗಣಿತಜ್ಞ ವಿದ್ವತ್ಸಭೆಯೊಂದರಲ್ಲಿ ಉದ್ದವಾದ, ಬೇಸರ ತರುವ ಪ್ರಬಂಧವೊಂದನ್ನು ಕೇಳುತ್ತ ಕಾಗದದ ಮೇಲೆ ಅಡ್ಡಗೆರೆ ಉದ್ದಗೆರೆಗಳನ್ನು ಎಳೆದ. ಚದುರಂಗದ ಸಮಸ್ಯೆಯೊಂದನ್ನು ಕಟ್ಟೋಣವೆಂದುಕೊಂಡವನು ಮನಸ್ಸು ಬದಲಿಸಿ, ನಡುವೆ 1 ಎಂದು ಬರೆದು, ಅದರ ಸುತ್ತ ಸುರುಳಿಯಾಗಿ 2, 3, 4 ಎಂದು ಬರೆಯುತ್ತ ಹೋದ. ಬಳಿಕ ಅವಿಭಾಜ್ಯ ಸಂಖ್ಯೆಗಳಿಗೆಲ್ಲ ಸುಮ್ಮನೆ ಸುತ್ತು ಹಾಕಿದ. ಯಾವ ನಿಯಮಕ್ಕೂ ಸುಲಭವಾಗಿ ಸಿಗದ ಆ ಸಂಖ್ಯೆಗಳು ಓರೆಗೆರೆಗಳ ಮೇಲೆ ಸಾಲುಗಟ್ಟಿ ನಿಂತಂತೆ ಕಂಡವು! ಮರುವರ್ಷ ಮಾರ್ಚಿಯಲ್ಲಿ ಆ ಸುರುಳಿ ‘ಸೈಂಟಿಫಿಕ್ ಅಮೆರಿಕನ್’ ಪತ್ರಿಕೆಯ ಮುಖಪುಟವನ್ನೇರಿತು. ಪ್ರಬಂಧ ಓದಿದ ಮಹನೀಯರಿಗೂ ಇದರ ಪುಣ್ಯದಲ್ಲಿ ಒಂದು ಪಾಲು ಸಲ್ಲಬೇಕು.

ಆದರೆ ನನಗೆ ಪ್ರಿಯವಾದದ್ದು ರವೀಂದ್ರನಾಥ ಠಾಕೂರರ ಕಥೆ. 1924ರ ಕೊನೆಯಲ್ಲಿ ಪೆರು ದೇಶಕ್ಕೆ ಹೊರಟಿದ್ದ ಕವಿ ದಾರಿಯಲ್ಲಿ ಅಸ್ವಸ್ಥರಾಗಿ ಅರ್ಜೆಂಟೀನದಲ್ಲಿ ಇಳಿದರು. ಬ್ಯೂನಸ್ ಐರಿಸ್ ಸಮೀಪದ ಸಾನ್ ಇಸಿದ್ರೋದಲ್ಲಿ, ನದಿಗೆ ಎದುರಾದ ಮನೆಯೊಂದರಲ್ಲಿ, ವಿಕ್ಟೋರಿಯಾ ಒಕಾಂಪೋ ಎಂಬ ಲೇಖಕಿಯ ಅತಿಥಿಯಾಗಿ ವಾರಗಟ್ಟಲೆ ಉಳಿದರು. ‘ಪೂರಬಿ’ಯ ಪದ್ಯಗಳನ್ನು ಬರೆಯುತ್ತಿದ್ದ ಕಾಲ. ಯಾವ ಕವಿಯ ಹಸ್ತಪ್ರತಿಯಲ್ಲಿ ಹೊಡೆದು ಹಾಕಿದ ಪದಗಳಿಲ್ಲ? ನಾವಾದರೆ ಹೊಡೆದು ಮುಂದೆ ಹೋಗುತ್ತೇವೆ. ಅವರಿಗೆ ಹಾಗೆ ಹೋಗಲಾಗುತ್ತಿರಲಿಲ್ಲ. ಹೊಡೆದ ಪದಗಳು ಪುಟದ ಮೇಲೆ ಗಾಯಗಳಂತೆ ಚೆಲ್ಲಿ ಬಿದ್ದಿರುವುದನ್ನು ಅವರ ಕಣ್ಣು ಸಹಿಸಲಿಲ್ಲ. ಒಂದು ಕಾಟನ್ನು ಇನ್ನೊಂದಕ್ಕೆ ಗೆರೆಯಿಂದ ಸೇರಿಸಿದರು. ಸೇರಿಸಿದ್ದಕ್ಕೆ ಕೊಕ್ಕು ಬಂತು, ರೆಕ್ಕೆ ಬಂತು, ಹಲ್ಲು ಬಂತು. ಯಾವ ಪ್ರಾಣಿಶಾಸ್ತ್ರಕ್ಕೂ ಸೇರದ ಹಕ್ಕಿಗಳೂ ಮೃಗಗಳೂ ಪದ್ಯದ ನಡುವೆ ಎದ್ದು ನಿಂತವು. ಆ ಪುಟಗಳ ಪ್ರತಿಕೃತಿಗಳನ್ನು ನೋಡಿದಾಗಲೆಲ್ಲ ನನಗೆ ಅನ್ನಿಸುವುದು: ತಳ್ಳಿಹಾಕಿದ ಪದಗಳಿಗೆ ಕವಿ ಅಲ್ಲೇ ಒಂದು ಪುನರ್ಜನ್ಮ ಕೊಟ್ಟುಬಿಟ್ಟಿದ್ದಾರೆ.

ಆಗ ಅವರಿಗೆ 63 ವರ್ಷ. ಆ ವಯಸ್ಸಿನಲ್ಲಿ ನಮ್ಮಂಥವರು ಪೆನ್ಷನ್ ಲೆಕ್ಕ ಹಾಕುತ್ತಿರುತ್ತೇವೆ. ಅವರ ಗೀಚುಗಳು ಪುಟದಂಚನ್ನು ಬಿಟ್ಟು ಸ್ವತಂತ್ರ ಚಿತ್ರಗಳಾದವು. ಒಕಾಂಪೋ ಅವರ ಮುತುವರ್ಜಿಯಿಂದ 1930ರ ಮೇ ತಿಂಗಳಲ್ಲಿ ಪ್ಯಾರಿಸ್ಸಿನಲ್ಲಿ ಮೊದಲ ಪ್ರದರ್ಶನ ನಡೆಯಿತು. 1941ರಲ್ಲಿ ತೀರಿಕೊಳ್ಳುವ ವೇಳೆಗೆ ಅವರು ಬಿಟ್ಟುಹೋದ ಚಿತ್ರಗಳು ಎರಡು ಸಾವಿರಕ್ಕೂ ಮಿಗಿಲು. ಬಹುಪಾಲು ಚಿತ್ರಗಳಿಗೆ ಅವರು ಹೆಸರನ್ನೇ ಇಡಲಿಲ್ಲ. ಅವರ ಬದುಕಿನ ಉದ್ದಕ್ಕೂ ಮಾತಿಗೆ ಅರ್ಥ ಹೇಳಬೇಕಾಗಿತ್ತು. ಗೆರೆಗಾದರೂ ಅದು ತಪ್ಪಲಿ ಎಂದುಕೊಂಡರೋ ಏನೋ.

ಹೀಗೆಲ್ಲ ಬರೆದು ‘ಆದ್ದರಿಂದ ಗೀಚಿರಿ, ಠಾಕೂರರಾಗುವಿರಿ’ ಎಂದರೆ ನಾನು ನಗೆಪಾಟಲಾದೇನು. ನನ್ನ ಭಯ ಈಗ ಬೇರೆ. ನಮ್ಮ ಕಾಲದಲ್ಲಿ ಗೀಚುವವನಿಗೆ ಬೆತ್ತವಿತ್ತು. ಈಗ ಅವನಿಗೆ ಉಪಚಾರ ಸಿಗುತ್ತಿದೆ. ಮನಶ್ಶಾಂತಿಗೆಂದು ಅಚ್ಚಾದ ಗೆರೆಗಳಿಗೆ ದೊಡ್ಡವರು ಬಣ್ಣ ತುಂಬುವ ಪುಸ್ತಕಗಳು ಅಂಗಡಿಗೆ ಬಂದಿವೆ. ಗೀಚಿದ್ದನ್ನು ನೋಡಿ ಗುಣ ಹೇಳುವ ಜೋಯಿಸರೂ ಇದ್ದಾರೆ. 2005ರ ಜನವರಿಯಲ್ಲಿ ಸ್ವಿಟ್ಜರ್ಲೆಂಡಿನ ದಾವೋಸ್ ಸಮ್ಮೇಳನದ ಮೇಜಿನ ಮೇಲೆ ಗೀಚಿದ ಹಾಳೆಯೊಂದು ಸಿಕ್ಕಿತು. ಬ್ರಿಟನ್ನಿನ ಅಂದಿನ ಪ್ರಧಾನಿ ಟೋನಿ ಬ್ಲೇರ್ ಅವರದೇ ಎಂದು ಅಲ್ಲಿನ ಪತ್ರಿಕೆಗಳು ಅಚ್ಚುಹಾಕಿದವು. ಒತ್ತಡಕ್ಕೆ ಸಿಕ್ಕ ಮನಸ್ಸು ಇದು ಎಂದು ಕೈಬರಹದ ಪಂಡಿತರು ತೀರ್ಪು ಕೊಟ್ಟರು. ಎರಡು ದಿನ ಕಳೆಯುವುದರೊಳಗೆ ತಿಳಿದುಬಂತು, ಹಾಳೆ ಬ್ಲೇರ್ ಅವರದಲ್ಲ, ಪಕ್ಕದಲ್ಲಿ ಕುಳಿತಿದ್ದ ಬಿಲ್ ಗೇಟ್ಸ್ ಅವರದು!

ಕಳೆದ ವರ್ಷ ಒಂದು ಶಾಲೆಯವರು ಡೂಡಲ್ ಸ್ಪರ್ಧೆಗೆ ನನ್ನನ್ನು ತೀರ್ಪುಗಾರನಾಗಿ ಕರೆದರು. ವಿಷಯ, ಸಮಯ, ಅಂಕ, ಎಲ್ಲವೂ ಗೊತ್ತಾಗಿತ್ತು. ಒಬ್ಬ ಪುಟ್ಟ ಹುಡುಗಿಯನ್ನು “ಏನಮ್ಮ ಇದು?” ಎಂದು ಕೇಳಿದೆ. ಅವಳು ಎದ್ದು ನಿಂತು ಕೈಕಟ್ಟಿ, “ಪರಿಸರ ಸಂರಕ್ಷಣೆ, ಸಾರ್” ಎಂದಳು. ಗೆರೆಗಳು ಚೆನ್ನಾಗಿಯೇ ಇದ್ದವು; ಬಹುಮಾನವನ್ನೂ ಕೊಟ್ಟೆ. ಆದರೆ ಮನೆಗೆ ಬರುವ ದಾರಿಯುದ್ದಕ್ಕೂ ಹಳೆಯ ಹುಡುಗನ ಉತ್ತರವೇ ಕಿವಿಯಲ್ಲಿತ್ತು. ನಮ್ಮ ತಾಯಿ ದಿನವೂ ಬಾಗಿಲಿಗೆ ಚುಕ್ಕಿ ಎಣಿಸಿ ರಂಗೋಲಿ ಇಡುತ್ತಿದ್ದರು. ಒಂದು ಚುಕ್ಕಿ ತಪ್ಪಿದರೂ ಅಳಿಸಿ ಮತ್ತೆ ಇಡುತ್ತಿದ್ದರು. ಎಲ್ಲ ಮುಗಿದ ಮೇಲೆ ಬೆರಳಲ್ಲಿ ಉಳಿದ ಹುಡಿಯನ್ನು ಮೆಟ್ಟಿಲ ಮೂಲೆಯಲ್ಲಿ ಲೆಕ್ಕವಿಲ್ಲದೆ ಬಿಟ್ಟು, ಅದು ಏನಾಯಿತೋ ಅದನ್ನು ಒಂದು ಗಳಿಗೆ ನೋಡಿ ಒಳಗೆ ಹೋಗುತ್ತಿದ್ದರು.

ಉಪಾಧ್ಯಾಯ ಮಿತ್ರರಲ್ಲಿ ನನ್ನದೊಂದು ಬೇಡಿಕೆ. ನೋಟುಪುಸ್ತಕಗಳನ್ನು ತಿದ್ದುವಾಗ ಕೊನೆಯ ಹಾಳೆಯನ್ನು ತಿರುವಬೇಡಿ. ಅಲ್ಲಿ ಕೆಂಪು ಶಾಯಿಯೂ ಬೇಡ, ‘ಉತ್ತಮ’ ಎಂಬ ಷರಾವೂ ಬೇಡ. ನಾನು ಹರಿದ ಹಾಳೆ ಇಂದಿಗೂ ನನ್ನ ನಿಘಂಟಿನೊಳಗೆ ಮಡಿಸಿಕೊಂಡು ಕೂತಿದೆ. ಅದು ಆನೆಯೋ ಮರವೋ ಈಗಲೂ ತಿಳಿಯದು. ಹುಡುಗ ಎಲ್ಲಿದ್ದಾನೋ ಅದೂ ತಿಳಿಯದು. ತಿಳಿದಿದ್ದರೆ ಅಂಚೆಯಲ್ಲಾದರೂ ಕಳಿಸಿಬಿಡುತ್ತಿದ್ದೆ.