ಮುದ್ದೆ ಮುಚ್ಚಿಟ್ಟು ಡಬ್ಬ ತೆರೆಯೋ ಕಾಲ!

ಮೊನ್ನೆ ಏಳನೇ ತರಗತಿಯಲ್ಲಿ ಆಹಾರದ ಪಾಠ. ಬೆಳಗ್ಗೆ ಏನು ತಿಂದು ಬಂದ್ರಿ ಅಂತ ಒಬ್ಬೊಬ್ಬರನ್ನೇ ಕೇಳ್ತಾ ಹೋದೆ. ಇಡ್ಲಿ, ಉಪ್ಪಿಟ್ಟು, ಬನ್ನು, ಬಿಸ್ಕತ್ತು... ಕೊನೇ ಬೆಂಚಿನ ಹುಡುಗ ಎದ್ದು ನಿಂತವನು ಬಾಯೇ ಬಿಡಲಿಲ್ಲ. ಪಕ್ಕದವನು, "ಸಾರ್, ಅವ್ನು ತಂಗಳು ಮುದ್ದೆ ತಿಂದವ್ನೆ" ಅಂದ. ಇಡೀ ತರಗತಿ ಗೊಳ್ಳೆಂದಿತು.

ಮೂಳೆಗೆ ಬೇಕಾದ್ದನ್ನು ತಿಂದು ಬಂದಿದ್ದವನು ಅವನೊಬ್ಬನೇ. ತಲೆ ತಗ್ಗಿಸಿದವನೂ ಅವನೊಬ್ಬನೇ!

ಅದೇ ವಾರ ಒಬ್ಬ ತಾಯಿ ಬಂದರು. "ಮಗ ಸೊರಗವ್ನೆ ಸಾರ್, ಯಾವ ಪೌಡರ್ ತರ್ಲಿ?" ಅಂತ. ಮನೆಯಲ್ಲಿ ಎರಡು ಹಸು. ಹಾಲೆಲ್ಲಾ ಡೈರಿಗೆ. ಆ ದುಡ್ಡಲ್ಲಿ ಟೀವಿಯಲ್ಲಿ ನೋಡಿದ ಡಬ್ಬ! ಆ ಡಬ್ಬದ ಹಿಂದೆ ಸಣ್ಣಕ್ಷರದಲ್ಲಿ ಸಕ್ಕರೆ ಎಷ್ಟು ಅಂತ ಬರೆದಿರುತ್ತೆ, ಓದಿದ್ದೀರಾ? ಹಾಲಿಗೆ ಬೆರೆಸಿ ಕುಡಿಸಿ ಅಂತಲೂ ಬರೆದಿರುತ್ತೆ. ಹಾಗೆ ಕುಡಿಸಿದರೆ ಒಂದು ಲೋಟದಲ್ಲಿ 200 ಮಿ.ಗ್ರಾಂಗೂ ಮೇಲೆ ಕ್ಯಾಲ್ಸಿಯಂ ಹಾಲಿನದೇ ಬಂತಲ್ಲ ಸ್ವಾಮಿ, ಡಬ್ಬಕ್ಕೆ ಯಾಕೆ ಹೆಸರು? 2024ರ ಏಪ್ರಿಲ್‌ನಲ್ಲಿ ಕೇಂದ್ರ ವಾಣಿಜ್ಯ ಸಚಿವಾಲಯವೇ ಬೋರ್ನ್‌ವಿಟಾದಂಥ ಪಾನೀಯಗಳನ್ನು 'ಹೆಲ್ತ್ ಡ್ರಿಂಕ್' ಪಟ್ಟಿಯಿಂದ ತೆಗೀರಿ ಅಂತ ಆನ್‌ಲೈನ್ ಅಂಗಡಿಗಳಿಗೆ ಹೇಳಿತು. ಅದು ನಮ್ಮ ಬೀದಿ ಅಂಗಡಿಗೆ ಇನ್ನೂ ತಲುಪಿದಂತಿಲ್ಲ.

ಲೆಕ್ಕಕ್ಕೆ ಬರೋಣ. ಐಸಿಎಂಆರ್ 2020ರಲ್ಲಿ ಹೇಳಿದ ಪ್ರಕಾರ 10ರಿಂದ 12 ವರ್ಷದ ಮಕ್ಕಳಿಗೆ ದಿನಕ್ಕೆ 850 ಮಿ.ಗ್ರಾಂ ಕ್ಯಾಲ್ಸಿಯಂ ಬೇಕು. ನೂರು ಗ್ರಾಂ ರಾಗಿಹಿಟ್ಟಿನಲ್ಲಿ ಸುಮಾರು 350 ಇದೆ. ಅಷ್ಟೇ ಬಿಳಿ ಅಕ್ಕಿಯಲ್ಲಿ ಸುಮಾರು 10! ಹುರುಳಿಯಲ್ಲಿ 270ರ ಮೇಲೆ, ಹುಚ್ಚೆಳ್ಳಲ್ಲಿ ಸುಮಾರು 300, ನುಗ್ಗೆ ಸೊಪ್ಪಲ್ಲೂ 300ರ ಮೇಲೆ. ಎಳ್ಳಂತೂ ಸಾವಿರ ದಾಟುತ್ತೆ, ಎರಡು ಚಮಚ ಉದುರಿಸಿದರೆ ನೂರು ಮಿ.ಗ್ರಾಂಗೂ ಮೇಲೆ.

ಇದು ನಮ್ಮ ಹೊಸೂರು, ತಳಿ, ಡೆಂಕಣಿಕೋಟೆ ಕಡೆಯವರಿಗೆ ಬರೀ ಪಾಠದ ಮಾತಲ್ಲ. ಕೃಷ್ಣಗಿರಿ, ಧರ್ಮಪುರಿ ಜಿಲ್ಲೆಗಳ ಎಷ್ಟೋ ಬೋರ್‌ವೆಲ್ ನೀರಲ್ಲಿ ಫ್ಲೋರೈಡ್ ಜಾಸ್ತಿ. 2008ರಲ್ಲಿ ಗಡಿಯ ಎರಡೂ ಕಡೆ ಗಲಾಟೆಯಾಗಿ 2013ರಲ್ಲಿ ಉದ್ಘಾಟನೆಯಾದ ಹೊಗೇನಕಲ್ ನೀರಿನ ಯೋಜನೆಯ ಹೆಸರಲ್ಲೇ ಫ್ಲೋರೋಸಿಸ್ ತಡೆ ಅನ್ನೋ ಮಾತಿದೆ. (ಆ ಗಲಾಟೆಯಲ್ಲಿ ನಮ್ಮನ್ನು ಯಾರ ಕಡೆ ಅಂತ ಕೇಳಿದವರೇ ಎಲ್ಲ, ನಮ್ಮ ಮಕ್ಕಳ ಹಲ್ಲು ನೋಡಿದವರು ಕಡಿಮೆ. ಇರಲಿ.) ಊಟದಲ್ಲಿ ಕ್ಯಾಲ್ಸಿಯಂ ಕಡಿಮೆಯಿದ್ದ ಮಗುವಿಗೆ ಅದೇ ಫ್ಲೋರೈಡ್ ಹೆಚ್ಚು ಹಾನಿ ಮಾಡುತ್ತೆ, ಹಲ್ಲಿಗೆ ಕಂದು ಪಟ್ಟೆ ಬರೋದಲ್ಲದೆ ಕಾಲಿನ ಮೂಳೆಯೂ ಸೊಟ್ಟಗಾಗಬಹುದು. ಇಂಥ ನೀರಿನ ಊರಲ್ಲಿ ಕೂತು ರಾಗಿ ಬಿಟ್ಟು ಬನ್ನು ತಿನ್ನಿಸೋದನ್ನ ಏನನ್ನಬೇಕು, ನೀವೇ ಹೇಳಿ.

ಬಿಟ್ಟಿದ್ದು ರಾಗಿ ಒಂದನ್ನೇ ಅಲ್ಲ. ನಮ್ಮಜ್ಜ ರಾಗಿ ಬಿತ್ತುವಾಗ ಮಧ್ಯೆ ಅಕ್ಕಡಿ ಸಾಲು ಇಡ್ತಿದ್ದರು. ಅವರೆ, ಸಾಸಿವೆ, ಹುಚ್ಚೆಳ್ಳು. ಕಳೆ ಕೀಳುವಾಗ ಸಿಕ್ಕ ಸೊಪ್ಪು ಸಂಜೆ ಮಸ್ಸೊಪ್ಪಾಗ್ತಿತ್ತು. ಹೊಲಕ್ಕೆ ಗುಲಾಬಿ, ಕ್ಯಾಪ್ಸಿಕಂ, ಕೋಸು ಬಂದ ಮೇಲೆ ರಾಗಿ ಜೊತೆ ಅದೆಲ್ಲವೂ ಒಟ್ಟಿಗೆ ಹೋಯ್ತು. ಗುಲಾಬಿಯಿಂದ ಸಾಲ ತೀರಿಸಿದವರನ್ನು ಬೈಯೋಕೆ ನನಗೆ ಬಾಯಿಲ್ಲ. ಆದರೆ ಬದುವಿಗೆ ಒಂದು ಸಾಲು ಹುಚ್ಚೆಳ್ಳು, ಹಿತ್ತಿಲಿಗೆ ಒಂದು ನುಗ್ಗೆ ಕೊಂಬೆ, ಅದಕ್ಕೂ ಜಾಗ ಇಲ್ವಾ?

ಹಾಗಂತ 'ಮುದ್ದೆ ತಿಂದರೆ ಸಾಕು, ಬೇರೇನೂ ಬೇಡ' ಅಂತ ವಾಟ್ಸಾಪಲ್ಲಿ ಕಳಿಸೋರ ಮಾತನ್ನೂ ನಂಬಬೇಡಿ. ರಾಗಿ, ಎಳ್ಳಲ್ಲಿ ಇರೋದೆಲ್ಲಾ ಮೈಗೆ ಹತ್ತೋದಿಲ್ಲ. ಫೈಟೇಟ್ ಅನ್ನೋ ಅಂಶ ಅಡ್ಡ ನಿಲ್ಲುತ್ತೆ. ರಾಗಿ ನೆನೆಸಿ ಮೊಳಕೆ ಕಟ್ಟಿದರೆ ಅದು ಇಳಿಯುತ್ತೆ. ನಮ್ಮಜ್ಜಿ ಕೂಸಿಗೆ ರಾಗಿಸರಿ ಮಾಡುವಾಗ ಮೊದಲು ಮೊಳಕೆ ಕಟ್ತಿದ್ದಿದ್ದು ಸುಮ್ಮನೆ ಅಲ್ಲ. ಪಾಲಕ್ಕಿನ ಕ್ಯಾಲ್ಸಿಯಂ ಲೆಕ್ಕಕ್ಕೇ ಬೇಡ, ಅದರ ಆಕ್ಸಲೇಟ್ ಬಿಡೋದಿಲ್ಲ. ಸಿಪ್ಪೆ ತೆಗೆದ ಹೊಳೆಯೋ ಬಿಳಿ ಎಳ್ಳಲ್ಲಿ ಮುಕ್ಕಾಲುಪಾಲು ಹೋಗಿಯೇ ಬಿಟ್ಟಿರುತ್ತೆ, ಸಿಪ್ಪೆ ಇರೋ ಎಳ್ಳನ್ನೇ ಹುರಿದು ಪುಡಿ ಮಾಡಿ. ಹಾಲಿದ್ದವರು ಡೈರಿಗೆ ಹಾಕೋ ಮುಂಚೆ ಮಗುವಿಗೆ ಒಂದು ಲೋಟ ತೆಗೆದಿಡಿ.

ಸರ್ಕಾರಕ್ಕೂ ಒಂದು ಮಾತು. 2023ರಲ್ಲಿ ರೇಷನ್ನಿನಲ್ಲಿ ಅಕ್ಕಿ ಬದಲು 2 ಕೆ.ಜಿ. ರಾಗಿ ಕೊಡೋಕೆ ಶುರು ಮಾಡಿದ್ದು ನೀಲಗಿರಿ, ಧರ್ಮಪುರಿ ಜಿಲ್ಲೆಗಳಲ್ಲಿ. ರಾಗಿ ಬೆಳೆಯೋ ನಮ್ಮ ಜಿಲ್ಲೆ ಆ ಪಟ್ಟಿಯಲ್ಲಿ ಇರಲಿಲ್ಲ. ಆಚೆ ಕರ್ನಾಟಕದಲ್ಲಿ 2024ರಲ್ಲಿ ಶಾಲೆ ಮಕ್ಕಳ ಹಾಲಿಗೆ ರಾಗಿ ಮಾಲ್ಟ್ ಸೇರಿಸಿದರು. ನಮ್ಮ ಶಾಲಾ ಸಮಿತಿ ಸಭೆಗಳಲ್ಲಿ ಕಾಂಪೌಂಡು, ಪೇಂಟು ಬಿಟ್ಟು ಇದನ್ನು ಕೇಳಿದವರು ಯಾರಾದರೂ ಇದ್ದೀರಾ?

ನಗಾಡಿದ ಮಕ್ಕಳಿಗೆ ಅವತ್ತು ನಾನು ಬೈಯಲಿಲ್ಲ. ಕನಕದಾಸರ 'ರಾಮಧಾನ್ಯ ಚರಿತೆ' ಕಥೆ ಹೇಳಿದೆ. ಭತ್ತ, ರಾಗಿ ಎರಡನ್ನೂ ರಾಮ ಆರು ತಿಂಗಳು ಸೆರೆಯಲ್ಲಿಟ್ಟದ್ದು, ಕೊನೆಗೆ ಕೆಡದೆ ಉಳಿದದ್ದು ಯಾವುದು ಅನ್ನೋದು. ಕೊನೇ ಬೆಂಚಿನವನು ತಲೆ ಎತ್ತಿ ಕೇಳಿದ.

ಬರೋ ಪೋಷಕರ ಸಭೆಗೆ ಡಬ್ಬ ಇರೋರು ಡಬ್ಬ ತನ್ನಿ. ನಾನು ಹುಚ್ಚೆಳ್ಳು ಚಟ್ನಿ ತರ್ತೀನಿ. ಎರಡರ ಬೆಲೆ, ಎರಡರ ಕ್ಯಾಲ್ಸಿಯಂ ಬೋರ್ಡಿನ ಮೇಲೆ ಮಕ್ಕಳ ಕೈಲೇ ಬರೆಸೋಣ.