ನಿಂಬೆಹಣ್ಣಿಗೆ ಮುಂಚೆ

ಆಯುಧಪೂಜೆಯ ದಿನ ಕಾರು ತೊಳೆದು, ಬಾಳೆಕಂದು ಕಟ್ಟಿ, ನಾಲ್ಕೂ ಚಕ್ರದಡಿ ನಿಂಬೆಹಣ್ಣು ಇಟ್ಟು ಹತ್ತಿಸುತ್ತೇವೆ. ಈ ಸಲ ನಿಂಬೆಹಣ್ಣಿಗೆ ಮುಂಚೆ ಡ್ಯಾಶ್‌ಬೋರ್ಡಿನ ಖಾನೆ ತೆಗೆದು ಇನ್ಶೂರೆನ್ಸ್ ಕಾಗದದ ಕೊನೇ ತಾರೀಖು ಓದಿ. ಹೋದ ವರ್ಷ ನಾನು ಓದಿದೆ. ಟೋಲ್ ಚೀಟಿ, ಕುಂಕುಮದ ಪೊಟ್ಟಣಗಳ ನಡುವೆ ಸಿಕ್ಕ ನನ್ನ ಪಾಲಿಸಿ ಮುಗಿದು ನಾಲ್ಕು ತಿಂಗಳಾಗಿತ್ತು. ಆ ನಾಲ್ಕು ತಿಂಗಳೂ ಶಾಲೆ ಬಿಡುವ ಹೊತ್ತಿಗೇ ಮಕ್ಕಳ ನಡುವೆ ಕಾರು ಓಡಿಸಿದ್ದೆ.

1988ರ ಮೋಟಾರು ವಾಹನ ಕಾಯ್ದೆಯ 146ನೇ ಕಲಂ ಪ್ರಕಾರ ಥರ್ಡ್ ಪಾರ್ಟಿ ವಿಮೆ ಇಲ್ಲದ ಗಾಡಿ ರಸ್ತೆಗೆ ಇಳಿಯುವ ಹಾಗಿಲ್ಲ. ಆ ಮೂರನೆಯವರು ಯಾರು? ಹಾಲು ತರಲು ಹೊರಟ ಅಜ್ಜಿ, ಸೈಕಲ್ಲಿನ ಹುಡುಗ, ಗಾರೆ ಕೆಲಸ ಮುಗಿಸಿ ಬಸ್ಸಿಗೆ ಕಾಯುವವನು. ನಿಮ್ಮ ಬಂಪರ್ ಜಜ್ಜಿದರೆ ಈ ವಿಮೆಯಿಂದ ಬಿಡಿಗಾಸು ಬರದು. ಕಾನೂನು ಕಡ್ಡಾಯ ಮಾಡಿದ್ದು ಅವರಿಗಾಗಿಯೇ.

ಸುಪ್ರೀಂ ಕೋರ್ಟ್ ಆದೇಶದಂತೆ 2018ರ ಸೆಪ್ಟೆಂಬರಿನಿಂದ ಹೊಸ ಕಾರಿಗೆ ಕೊಳ್ಳುವಾಗಲೇ ಮೂರು ವರ್ಷದ ಥರ್ಡ್ ಪಾರ್ಟಿ ಮಾಡಿಸಬೇಕು. ಮರೆವು ಶುರುವಾಗುವುದು ನಾಲ್ಕನೇ ವರ್ಷ. ಕೆಲವರದು ಮರೆವೂ ಅಲ್ಲ, ಲೆಕ್ಕಾಚಾರ. 1000 ಸಿಸಿ ಒಳಗಿನ ಕಾರಿಗೆ 2022ರಲ್ಲಿ ನಿಗದಿಯಾದ ವರ್ಷದ ಕಂತು, ತೆರಿಗೆ ಬಿಟ್ಟು, 2,094 ರೂಪಾಯಿ. ಸಿಕ್ಕಿಬಿದ್ದರೆ ಮೊದಲ ಸಲದ ದಂಡ 2,000. ಸಿಕ್ಕಾಗ ನೋಡ್ಕೊಳ್ಳೋಣ ಅನ್ನುತ್ತಾರೆ. (ಮೂರು ತಿಂಗಳವರೆಗಿನ ಜೈಲೂ ಅದೇ ಕಾಯ್ದೆಯಲ್ಲಿದೆ, ಆ ಮಾತು ಬಿಡಿ.) ಈ ಲೆಕ್ಕದಲ್ಲಿ ಪೊಲೀಸಪ್ಪ ಇದ್ದಾನೆ, ಅಜ್ಜಿ ಇಲ್ಲ.

ಸಾವಾದರೆ ಪರಿಹಾರ ಕೊಡಿಸಲು ನ್ಯಾಯಮಂಡಳಿ ಇದೆ. ವಿಮೆ ಇದ್ದರೆ ಕಂಪನಿ ಕಟ್ಟುತ್ತದೆ. ಇಲ್ಲದಿದ್ದರೆ ಅಷ್ಟೂ ಮಾಲೀಕನ ತಲೆಗೆ. ಅವನ ಹತ್ತಿರ ಹಣವಿಲ್ಲ, ಅಥವಾ ಇಲ್ಲ ಅನ್ನುತ್ತಾನೆ. ಗೆದ್ದ ತೀರ್ಪಿನ ನಕಲನ್ನು ಪ್ಲಾಸ್ಟಿಕ್ ಕವರಿನಲ್ಲಿ ಸುತ್ತಿಕೊಂಡು, ಗಂಡನನ್ನು ಕಳೆದುಕೊಂಡವಳು ವಸೂಲಿಗಾಗಿ ಮತ್ತೆ ಕೋರ್ಟಿಗೆ ಅಲೆಯಬೇಕು.

ವಿಮೆ ಇದ್ದರೂ, ಲೈಸೆನ್ಸ್ ಇಲ್ಲದ ಮಗನ ಕೈಗೆ ಕೀ ಕೊಟ್ಟಿದ್ದರೆ, ಕಂಪನಿ ತಾನು ಕಟ್ಟಿದ್ದನ್ನು ನಿಮ್ಮಿಂದಲೇ ಕಿತ್ತುಕೊಳ್ಳಬಹುದು. ಅವನಿಗೆ 18 ತುಂಬಿರದಿದ್ದರೆ, 2019ರ ತಿದ್ದುಪಡಿಯಂತೆ ಮೂರು ವರ್ಷದವರೆಗಿನ ಜೈಲು ಅಪ್ಪನಿಗೆ. "ರಸ್ತೆ ಖಾಲಿ ಇದೆ, ಓಡಿಸ್ಲಿ ಬಿಡಿ ಭಾವ" ಅನ್ನುವವರು ಆಗ ಜೊತೆಗೆ ಬರುವುದಿಲ್ಲ.

ಕಾಗದ ಹುಡುಕಲು ಬೇಜಾರಾದರೆ ಎಂಪರಿವಾಹನ್ ಆ್ಯಪಿನಲ್ಲಿ ಗಾಡಿ ನಂಬರ್ ಹಾಕಿ, ತಾರೀಖು ಕಾಣುತ್ತದೆ. ನಿಮ್ಮದು ನೋಡಿದ ಮೇಲೆ ಮಾವನವರ ಹಳೇ ಕಾರಿನದೂ ನೋಡಿ. ಮುಗಿದಿದ್ದರೆ, ಕಂತು ಕಟ್ಟುವ ತನಕ ಕೀ ದೇವರ ಗೂಡಿನಲ್ಲೇ ಇರಲಿ.